ಕೇಳಿದ್ದರಿಂದ ಹುಟ್ಟಿದ ಯೋಚನೆಯಲ್ಲ

ಹದಿಹರೆಯದ ಮಕ್ಕಳನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಕರೆತರುವ ತಂದೆತಾಯಿ ಮೊದಲು ಹೇಳುವುದು ಮಗುವಿನ ಸಿಟ್ಟಿನ ಬಗ್ಗೆ. ಮಾತುಮಾತಿಗೂ ಸಿಡುಕುತ್ತಾನೆ, ಎದುರುತ್ತರ ಕೊಡುತ್ತಾಳೆ, ಬಾಗಿಲು ಹಾಕಿಕೊಂಡು ಕೂರುತ್ತಾನೆ. ದುಃಖದ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಹೀಗೆ ಬಂದ ಒಬ್ಬ ಹುಡುಗನ ಪ್ರಕರಣವಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಾಯುವ ಯೋಚನೆ ಬಂದಿದೆಯೇ ಎಂದು ಮಗುವನ್ನು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಎಂದು ಅವನ ತಂದೆ ನನ್ನ ಮೇಲೆ ಎತ್ತಿದ ಆಕ್ಷೇಪವನ್ನು ಬೇರೆ ಪೋಷಕರಿಂದಲೂ ಶಿಕ್ಷಕರಿಂದಲೂ ಮತ್ತೆ ಮತ್ತೆ ಕೇಳುತ್ತಿರುವುದರಿಂದ ಬರೆಯಬೇಕೆನಿಸಿತು.

ಹುಡುಗನಿಗೆ 15 ವರ್ಷ. ಆಟ ಬಿಟ್ಟಿದ್ದ, ಗೆಳೆಯರ ಫೋನ್ ಎತ್ತುತ್ತಿರಲಿಲ್ಲ, ರಾತ್ರಿ ಬಹಳ ಹೊತ್ತು ಎಚ್ಚರವಿದ್ದು ಬೆಳಿಗ್ಗೆ ಎಬ್ಬಿಸಲು ಹೋದವರ ಮೇಲೆ ರೇಗುತ್ತಿದ್ದ. ಮನೆಯವರು ಇದನ್ನು ಧಿಮಾಕು ಎಂದುಕೊಂಡಿದ್ದರು. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಕಿರಿಕಿರಿಯಾಗಿಯೇ ಕಾಣಿಸಿಕೊಳ್ಳುವುದುಂಟು. ಒಂದು ದಿನದ ಮುನಿಸಿಗೆ ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಎರಡು ವಾರ ಕಳೆದರೂ ಅದೇ ಸ್ಥಿತಿಯಿದ್ದು, ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳೂ ಬೇಡವಾಗಿದ್ದರೆ ಅದನ್ನು ಹಟವೆಂದು ತಳ್ಳಿಹಾಕಬಾರದು.

ಮೊದಲ ಭೇಟಿಗಳಲ್ಲಿ ಅವನು ಹೆಚ್ಚೇನೂ ಹೇಳಲಿಲ್ಲ. ಆಮೇಲೊಂದು ದಿನ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ, "ಏನು ಮಾಡಿದರೂ ಏನೂ ಅನ್ನಿಸುವುದಿಲ್ಲ ಮೇಡಂ. ನಮ್ಮ ತಂಡ ಗೆದ್ದ ದಿನವೂ ಮನೆಗೆ ಹೋಗಿ ಮಲಗಿಬಿಟ್ಟೆ" ಎಂದ.

ನಾನು ನೇರವಾಗಿ ಕೇಳಿದೆ: "ಇಷ್ಟು ಬೇಸರವಾದಾಗ ಸಾಯುವ ಯೋಚನೆ ಬಂದಿದೆಯೇ?"

ಜಿಪ್ಪು ಅರ್ಧದಲ್ಲೇ ನಿಂತಿತು. "ಸಾಯಬೇಕು ಎಂದಲ್ಲ. ಮಲಗಿದವನು ಏಳದೇ ಇದ್ದರೆ ಎಲ್ಲರಿಗೂ ಸುಲಭ ಅನ್ನಿಸುತ್ತದೆ."

"ಎಲ್ಲರಿಗೂ ಅಂದರೆ?"

"ಅಪ್ಪನಿಗೆ, ಅಮ್ಮನಿಗೆ. ಮನೆಯಲ್ಲಿ ಜಗಳ ಆಗುವುದೇ ನನ್ನ ವಿಷಯಕ್ಕೆ."

ಹೇಗೆ, ಯಾವಾಗ ಎಂದು ಯೋಚಿಸಿದ್ದಾನೆಯೇ ಎಂದೂ ಕೇಳಿದೆ. ಇಲ್ಲ ಎಂದ. ಮುಂಚೆ ಯಾರಿಗಾದರೂ ಹೇಳಿದ್ದೀಯಾ ಎಂದಾಗ, "ಅಮ್ಮನಿಗೆ ಹೇಳಲು ಹೋಗಿದ್ದೆ. ಏನೇನೋ ಯೋಚಿಸಬೇಡ, ಓದಿಕೋ ಅಂದರು. ಆಮೇಲೆ ಯಾರ ಹತ್ತಿರವೂ ಹೇಳಲಿಲ್ಲ" ಎಂದ. ಆ ದಿನ ಅವನು ಅಲ್ಲಿಯವರೆಗಿನ ಎಲ್ಲ ಭೇಟಿಗಳಿಗಿಂತ ಹೆಚ್ಚು ಮಾತಾಡಿದ.

ಅವನು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಹಾಗಾಗಿ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿದೆವು. ಬಳಿಕ ತಂದೆತಾಯಿಯನ್ನು ಒಳಗೆ ಕರೆದೆ.

ತಂದೆ ಸಿಟ್ಟಾದರು. "ಇಲ್ಲದ ಯೋಚನೆಯನ್ನು ಮಗುವಿನ ತಲೆಗೆ ತುಂಬುತ್ತೀರಲ್ಲ ಮೇಡಂ" ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ. ಸಾವಿನ ಯೋಚನೆಯ ಬಗ್ಗೆ ಕಾಳಜಿಯಿಂದ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚುವುದೂ ಇಲ್ಲ ಎಂಬುದನ್ನು ಹಲವು ಅಧ್ಯಯನಗಳು ಕಂಡುಕೊಂಡಿವೆ. ಒಳಗೊಳಗೇ ಹೊತ್ತುಕೊಂಡವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ, ಅಷ್ಟೇ. ನಾವು ಕೇಳದೆ ಬಿಟ್ಟರೆ ಮಗುವಿಗೆ ಸಿಗುವ ಸಂದೇಶ, ಈ ಮಾತು ಈ ಮನೆಯಲ್ಲಿ ಆಡುವಂಥದ್ದಲ್ಲ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳಾಗುತ್ತಾರೆ ಎಂದು ಶಿಕ್ಷಕರೇ ಲೆಕ್ಕ ಹಾಕಲಿ.

ಮನೋವೈದ್ಯರನ್ನು ಆ ವಾರವೇ ಕಾಣಬೇಕೆಂದು ಹೇಳಿದೆ. ಇದು ಆಪ್ತಸಲಹೆಯೊಂದರಿಂದಲೇ ಮುಗಿಯುವ ವಿಷಯವಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೂ ಅಪಾಯ ತರಬಲ್ಲ ಇತರ ವಸ್ತುಗಳನ್ನೂ ಬೀಗ ಹಾಕಿಡಲು ಹೇಳಿದಾಗ ತಾಯಿ ಬೆಚ್ಚಿದರು. ಆತುರದ ಆ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ ಎಂದು ವಿವರಿಸಿದೆ. ಅವರೇ ಹೋಗಿ ಎಲ್ಲವನ್ನೂ ತೆಗೆದಿಟ್ಟರು.

ಬೆಳಗಿನ ಜಗಳದ ಬಗ್ಗೆಯೂ ಮಾತಾಡಿದೆವು. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಸ್ರವಿಸುವ ಸಮಯವೇ ಮುಂದಕ್ಕೆ ಹೋಗುತ್ತದೆ; ಬೇಗ ಮಲಗು ಎಂದು ಗದರಿದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ಅವರಿಗೆ 8ರಿಂದ 10 ಗಂಟೆಗಳ ನಿದ್ದೆಯೂ ಬೇಕು. ರಾತ್ರಿ ಮೊಬೈಲ್ ಕೋಣೆಯ ಹೊರಗಿರಲಿ, ಆದರೆ ಅವನದಷ್ಟೇ ಅಲ್ಲ, ತಂದೆತಾಯಿಯದೂ ಎಂದೆ. ಮಗನಿಗೊಂದು, ತಮಗೊಂದು ನಿಯಮ ಇಟ್ಟುಕೊಂಡ ಮನೆಯಲ್ಲಿ ಇದು ನಡೆಯುವುದಿಲ್ಲ.

ತಾಯಿಗೆ ಇನ್ನೊಂದು ಕೆಲಸ ಕೊಟ್ಟೆ: ಅವನು ಮಾತು ತೆಗೆದಾಗ ಹತ್ತು ನಿಮಿಷ ಪರಿಹಾರ ಹೇಳದೆ ಕೇಳಿಸಿಕೊಳ್ಳುವುದು. "ಸುಮ್ಮನೆ ಕೇಳಿದರೆ ಏನು ಪ್ರಯೋಜನ?" ಎಂದರು. "ನಾಳೆ ಮತ್ತೆ ಬಂದು ಹೇಳುತ್ತಾನೆ" ಎಂದೆ.

ಚಿಕಿತ್ಸೆ ನಡೆಯುತ್ತಿದೆ. ಹುಡುಗ ವಾರಕ್ಕೆರಡು ಸಲ ಮೈದಾನಕ್ಕೆ ಹೋಗುತ್ತಾನೆ, ಕೆಲವು ದಿನ ಈಗಲೂ ಬಾಗಿಲು ಹಾಕಿಕೊಳ್ಳುತ್ತಾನೆ. ಅಂಕಗಳು ಇನ್ನೂ ಏರಿಲ್ಲ. ತಂದೆ ಮೊನ್ನೆ ಅದರ ಬಗ್ಗೆ ಕೇಳಿದಾಗ, ಈ ವರ್ಷ ಮನೆಯಲ್ಲಿ ಅಂಕಗಳ ಮಾತೇ ಬೇಡ ಎಂದಿದ್ದೇನೆ.