ಮೈಸೂರಿಂದ ಮೊದಲ ಸಲ ಮುಂಬೈಗೆ: ಊರಾಚೆ ಅಗ್ಗದ ರೂಮ್ ಮಾಡಿದರೆ ನಡೆಯುತ್ತದಾ?

ನಡೆಯಲ್ಲ. ಇನ್ನೂ ಬುಕ್ ಮಾಡಿಲ್ಲ ಅಂದ್ರೆ ಮಾಡಲೇಬೇಡಿ.

ಅಪ್ಪ ಅಮ್ಮನ ಜೊತೆ ನಾಲ್ಕು ದಿನ, ಮುಂಬೈನ ಉತ್ತರಕ್ಕಿರುವ ವಸಾಯಿಯಲ್ಲಿ ದೊಡ್ಡ ರೂಮ್ ಕಡಿಮೆಗೆ ಸಿಗುತ್ತಿದೆ, ಲೋಕಲ್ ಟ್ರೈನ್ ಇದ್ದೇ ಇದೆ ಅಲ್ವಾ ಅಂತ ಕೇಳಿದ್ದೀರಿ. ಮಂಡ್ಯದಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ನಮ್ಮದು ದಿನಾ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರ ಊರು. ನಾನೂ ಕೆಲವು ವರ್ಷ ಹಾಗೆ ಓಡಾಡಿದವನು. ಟ್ರೈನ್ ಅಂದ್ರೆ ನಮಗೇನು ಹೊಸದಾ ಅನ್ನುವ ಧಿಮಾಕು. ಮೊಬೈಲ್ ಮ್ಯಾಪಿನಲ್ಲಿ ವಸಾಯಿ ಮುಂಬೈಗೆ ಅಂಟಿಕೊಂಡ ಹಾಗೇ ಕಾಣುತ್ತಿತ್ತು. ಅವ್ವ, ಹೆಂಡತಿ, ನಾನು ಮೂವರೂ ಹೊರಟೆವು.

ವಸಾಯಿಯಿಂದ ಮುಂಬೈನ ದಕ್ಷಿಣ ತುದಿಯ ಸ್ಟೇಷನ್ ಚರ್ಚ್‌ಗೇಟ್‌ಗೆ 50 ಕಿ.ಮೀ.ಗೂ ಜಾಸ್ತಿ. ಮಂಡ್ಯದಿಂದ ಮೈಸೂರಿಗೇ 45 ಕಿ.ಮೀ. ಮೈಸೂರು ಅರಮನೆ ನೋಡಲು ಬರುವ ನೆಂಟರಿಗೆ ನೀವು ಮಂಡ್ಯದಾಚೆ ರೂಮ್ ಮಾಡಿ ಅಂತೀರಾ?

ದೂರವನ್ನಾದರೂ ಸಹಿಸಬಹುದು. ನಾನು ಯೋಚನೆಯೇ ಮಾಡದಿದ್ದದ್ದು ಬೇರೆ. ಬೆಳಿಗ್ಗೆ ಆ ಕಡೆಯ ಊರುಗಳೆಲ್ಲ ಕೆಲಸಕ್ಕೆ ಅಂತ ದಕ್ಷಿಣಕ್ಕೆ ಹೊರಡುತ್ತವೆ. ನೋಡುವ ಜಾಗಗಳೂ ದಕ್ಷಿಣದಲ್ಲೇ. ಸಂಜೆ ಅದೇ ಜನ ಉತ್ತರಕ್ಕೆ ವಾಪಸ್, ನಿಮ್ಮ ರೂಮೂ ಉತ್ತರಕ್ಕೆ. ಎರಡು ಹೊತ್ತೂ ನೀವು ನುಗ್ಗುವ ಕಡೆಗೇ ಎಲ್ಲರೂ ನುಗ್ಗುತ್ತಾರೆ. ವಿರಾರ್‌ನಿಂದ ಹೊರಟ ಟ್ರೈನ್ ನಾಲಾಸೋಪಾರಾದಲ್ಲಿ ಇನ್ನಷ್ಟು ತುಂಬಿಕೊಂಡು ವಸಾಯಿಗೆ ಬರುತ್ತದೆ. ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಹೆಂಗಸರ ಡಬ್ಬಿ ಬೇರೆ, ಹಾಗಾಗಿ ಅವ್ವನ ಕೈ ಹಿಡಿದು ಹತ್ತಿಸಲು ನಾನು ಪಕ್ಕದಲ್ಲಿ ಇರುವ ಹಾಗೂ ಇಲ್ಲ. ಮೊದಲ ದಿನವೇ ಹೆಂಡತಿ ಒಳಗೆ, ಅವ್ವ ಪ್ಲಾಟ್‌ಫಾರ್ಮಿನಲ್ಲಿ. ಹಿಂದಿ ಬಾರದ ಅವ್ವ "ನನ್ನ ಮಗ ಎಲ್ಲಿ" ಅಂತ ಕನ್ನಡದಲ್ಲೇ ಎಲ್ಲರನ್ನೂ ಕೇಳುತ್ತಿದ್ದಳು. ಫಸ್ಟ್ ಕ್ಲಾಸ್ ತಗೊಂಡರಾಯಿತು ಅಂತ ಯಾರಾದರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ಅದೂ ತುಂಬಿರುತ್ತದೆ.

ಆಮೇಲೆ ರಶ್ ಇಳಿಯುವ ತನಕ ರೂಮಿನಲ್ಲೇ ಕೂತು ಹೊರಟೆವು. ಚರ್ಚ್‌ಗೇಟ್ ಸೇರುವಾಗ ಮಧ್ಯಾಹ್ನ. ಗೇಟ್‌ವೇಯಿಂದ ಎಲಿಫೆಂಟಾ ದ್ವೀಪದ ಗುಹೆಗಳಿಗೆ ದೋಣಿಯಲ್ಲಿ ಸುಮಾರು ಒಂದು ಗಂಟೆ, ಮೇಲೆ ಮೆಟ್ಟಿಲು ಬೇರೆ. ಅಷ್ಟು ಹೊತ್ತಾದ ಮೇಲೆ ಹೋಗಿ ಏನು ನೋಡುವುದು? ನಾಳೆ ಬೆಳಿಗ್ಗೆ ಬೇಗ ಬರೋಣ ಅಂದುಕೊಂಡರೆ ನಾಳೆ ಸೋಮವಾರ. ಸೋಮವಾರ ಗುಹೆಗೆ ರಜ. ಸಂಜೆಯೂ ಅಷ್ಟೇ, ಐದರೊಳಗೆ ಹೊರಡಬೇಕು, ಇಲ್ಲಾಂದ್ರೆ ರಾತ್ರಿ ಒಂಬತ್ತರ ಮೇಲೆ. ಒಂದು ರಾತ್ರಿ ಅವ್ವನ ಕೈಲಾಗದೆ ದಕ್ಷಿಣ ಮುಂಬೈನ ಫೋರ್ಟ್‌ನಿಂದ ವಸಾಯಿವರೆಗೂ ಟ್ಯಾಕ್ಸಿ ಮಾಡಿದೆವು. ರೂಮಿನಲ್ಲಿ ಉಳಿಸಿದ್ದೆಲ್ಲ ಅದಕ್ಕೇ ಹೋಯಿತು. ಆಟೋ ಮಾಡಬಹುದಿತ್ತಲ್ಲ ಅನ್ನಬೇಡಿ. ಬಾಂದ್ರಾ, ಸಯಾನ್ ದಾಟಿ ದಕ್ಷಿಣಕ್ಕೆ ಆಟೋಗಳೇ ಬರುವುದಿಲ್ಲ.

ಊರ ಮಧ್ಯದ ದಾದರ್ ಅಥವಾ ಮಾಟುಂಗಾದಲ್ಲಿ ರೂಮ್ ನೋಡಿ. ಚಿಕ್ಕದಿರಲಿ, ಕಿಟಕಿಯಾಚೆ ಗೋಡೆಯೇ ಇರಲಿ. ದಾದರ್‌ನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನ್ ಸೇರುತ್ತವೆ. ಮೈಸೂರಿನಿಂದ ಹೋಗುವ ಶರಾವತಿ ಎಕ್ಸ್‌ಪ್ರೆಸ್‌ನ ಕೊನೆ ನಿಲ್ದಾಣವೂ ಅದೇ. ಇನ್ನೂ ಸ್ವಲ್ಪ ದುಡ್ಡಿದ್ದರೆ ಫೋರ್ಟ್ ಕಡೆ ಮಾಡಿ, ಟ್ರೈನಿನ ಸಹವಾಸವೇ ಬೇಡ.

ಇನ್ನು ನೋಡಬೇಕು ಅಂತ ನೀವು ಬರೆದ ಇಪ್ಪತ್ತು ಜಾಗದ ಪಟ್ಟಿ. ಅದರಲ್ಲಿ ಸಿನಿಮಾ ನಟರ ಮನೆಗಳೇ ಮೂರಿವೆ. ಗೇಟು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾ? ಚರ್ಚ್‌ಗೇಟ್‌ನಿಂದ ಹೊರಬಂದರೆ ಹತ್ತಿರದಲ್ಲೇ ಓವಲ್ ಮೈದಾನ. ಒಂದು ಪಕ್ಕ ಹೈಕೋರ್ಟು, ರಾಜಾಬಾಯಿ ಗಡಿಯಾರ ಗೋಪುರ. ಎದುರು ಪಕ್ಕ 1930ರ ದಶಕದ ಆರ್ಟ್ ಡೆಕೊ ಶೈಲಿಯ ಕಟ್ಟಡಗಳ ಸಾಲು. ಎರಡನ್ನೂ ಸೇರಿಸಿ ಯುನೆಸ್ಕೊ 2018ರಲ್ಲಿ ತನ್ನ ವಿಶ್ವ ಪರಂಪರೆ ಪಟ್ಟಿಗೆ ತಗೊಂಡಿದೆ. ಹುಲ್ಲಿನ ಮೇಲೆ ಕೂತು ನೋಡಬಹುದು, ಟಿಕೆಟ್ ಇಲ್ಲ. ಅಲ್ಲಿಂದ ಕಾಲಾ ಘೋಡಾ, ಮ್ಯೂಸಿಯಂ, ಗೇಟ್‌ವೇ, ಎಲ್ಲ ನಡೆದೇ ಹೋಗುವ ದೂರ. ಕತ್ತಲಾದ ಮೇಲೆ ವಿಟಿ ಸ್ಟೇಷನ್ (ಈಗಿನ ಹೆಸರು ಸಿಎಸ್ಎಂಟಿ) ಎದುರು ಹೋಗಿ. 1888ರಲ್ಲಿ ಮುಗಿದ ಕಟ್ಟಡ. ನೀವು ಭಾನುವಾರದ ಅರಮನೆ ದೀಪ ನೋಡಿ ಬೆಳೆದವರು, ಆದರೂ ಸ್ವಲ್ಪ ಹೊತ್ತು ನಿಲ್ಲುತ್ತೀರಿ.

ಊಟಕ್ಕೆ "ಫೇಮಸ್ ಹೋಟೆಲ್" ಹುಡುಕಿಕೊಂಡು ಅಂಧೇರಿಗೆ, ಠಾಣೆಗೆ ಹೋಗಬೇಡಿ. ಎಲ್ಲಿದ್ದೀರೋ ಅಲ್ಲೇ ತಿನ್ನಿ. ಫೋರ್ಟ್ ಕಡೆ ಇದ್ದ ದಿನ ಬ್ಯಾಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ, 1923ರ ಇರಾನಿ ಹೋಟೆಲು, ಬೆರ್ರಿ ಪುಲಾವ್‌ಗೆ ಹೆಸರುವಾಸಿ. ಆದರೆ ಹೆಚ್ಚಿನ ದಿನ ಮಧ್ಯಾಹ್ನ ಮಾತ್ರ ತೆರೆದಿರುತ್ತದೆ, ರಾತ್ರಿ ಊಟಕ್ಕೆ ಅಂತ ಹೋಗಿ ಬಾಗಿಲು ನೋಡಿಕೊಂಡು ಬರಬೇಡಿ. ಅಪ್ಪ ಅಮ್ಮನಿಗೆ ಅನ್ನ ಸಾರು ಬೇಕು ಅನಿಸಿದಾಗ ಮಾಟುಂಗಾ. ಸೆಂಟ್ರಲ್ ಲೈನ್ ಸ್ಟೇಷನ್ ಪಕ್ಕದಲ್ಲೇ ಮಹಡಿ ಮೇಲೆ ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು, ಬಾಳೆಎಲೆ ಊಟ. ವಸಾಯಿಯಲ್ಲಿ ಕೊಟ್ಟಿದ್ದನ್ನೆಲ್ಲ ಪಕ್ಕಕ್ಕೆ ತಳ್ಳುತ್ತಿದ್ದ ಅವ್ವ ಅಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಬೀದಿಯಲ್ಲಿ "ಮೈಸೂರ್ ಮಸಾಲಾ" ಅಂತ ಬೆಣ್ಣೆ, ಟೊಮೆಟೊ, ದಪ್ಪ ಮೆಣಸಿನಕಾಯಿ ಹಾಕಿ ಕಾವಲಿ ಮೇಲೇ ಅರೆದು ಕೊಡುತ್ತಾರೆ. ಮೈಸೂರಿನವರಾದ ನೀವು ಜಗಳ ತೆಗೆಯಬೇಡಿ, ಸುಮ್ನೆ ತಿನ್ನಿ. ಚೆನ್ನಾಗಿರುತ್ತದೆ.

ಎಲಿಫೆಂಟಾವನ್ನು ಮೊದಲ ದಿನ ಬೆಳಿಗ್ಗೆಗೇ ಇಟ್ಟುಕೊಳ್ಳಿ, ಅದು ಸೋಮವಾರ ಆಗದ ಹಾಗೆ. ಯಾವ ತಿಂಗಳು ಹೋಗುತ್ತಿದ್ದೀರಿ ಅಂತ ಬರೆದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆದರೆ ಸಮುದ್ರ ಜೋರಾದ ದಿನ ದೋಣಿ ಬಿಡುವುದಿಲ್ಲ. ಆಗ ಅದನ್ನು ಬಿಟ್ಟು ಮ್ಯೂಸಿಯಂನಲ್ಲೇ ಅರ್ಧ ದಿನ ಕಳೆಯಿರಿ.