ಕೋಲು-ಚೆಂಡಿನ ಐರಿಷ್ ಆಟವಾದ ಹರ್ಲಿಂಗ್‌ನ 2024ರ ಆಲ್ ಐರ್ಲೆಂಡ್ ಫೈನಲ್‌ನಲ್ಲಿ ಸೋತರೂ ಕಾರ್ಕ್ ಕೌಂಟಿ (ಜಿಲ್ಲೆ) ತಂಡದ ಅಭಿಮಾನಿಗಳು ಆ ಪಂದ್ಯವನ್ನು ಏಕೆ ಮತ್ತೆ ಮತ್ತೆ ನೆನೆಯುತ್ತಾರೆ?

ಮುಖ್ಯ ಕಾರಣ ಅಂತರ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಜುಲೈ 21ರಂದು, ಹೆಚ್ಚುವರಿ ಅವಧಿಯ ನಂತರ, ಎದುರಾಳಿ ಕೌಂಟಿ ಕ್ಲೇರ್ 3-29, ಕಾರ್ಕ್ 1-34 (ಮೊದಲ ಸಂಖ್ಯೆ ಗೋಲುಗಳು, ಎರಡನೆಯದು ಒಂದಂಕದ ಹೊಡೆತಗಳು). ಹರ್ಲಿಂಗ್‌ನಲ್ಲಿ ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆ ಸೇರಿದರೆ ಗೋಲು, ಅಂದರೆ ಮೂರು ಅಂಕ. ಮೇಲಿನಿಂದ ಕಂಬಗಳ ನಡುವೆ ಹೋದರೆ ಒಂದೇ ಅಂಕ. ಹೀಗಾಗಿ ಫಲಿತಾಂಶ 38ಕ್ಕೆ 37.

ಸೆಮಿಫೈನಲ್‌ನಲ್ಲಿ ಸತತ ಐದನೇ ಪ್ರಶಸ್ತಿಯ ಹಾದಿಯಲ್ಲಿದ್ದ ಲಿಮರಿಕ್ ತಂಡವನ್ನು ಮಣಿಸಿ ಬಂದಿದ್ದ ಕಾರ್ಕ್, 2005ರ ನಂತರದ ಮೊದಲ ಕಿರೀಟಕ್ಕಾಗಿ ಆಡುತ್ತಿತ್ತು. ರಾಬರ್ಟ್ ಡೌನಿ ಹಿಂದಿನ ಸಾಲಿನಿಂದ ಚೆಂಡನ್ನು ಹರ್ಲಿಯ (ಆಟದ ಕೋಲಿನ) ಮೇಲೆ ಹೊತ್ತು ಓಡಿ ಬಾರಿಸಿದ ಗೋಲು ಆರಂಭದಲ್ಲೇ ದೊಡ್ಡ ಮುನ್ನಡೆ ತಂದಿತ್ತು. ಅದನ್ನು ಕರಗಿಸಿದ ಕ್ಲೇರ್ ಪರವಾಗಿ ಟೋನಿ ಕೆಲ್ಲಿ, ರಕ್ಷಕರ ನಡುವೆ ನುಸುಳಿ ಗಳಿಸಿದ ಗೋಲನ್ನು ಎದುರಾಳಿಗಳೂ ಮನಸಾರೆ ಮೆಚ್ಚಲೇಬೇಕು.

ಆದರೆ ಮಾತು ಹೆಚ್ಚಾಗಿ ಬಂದು ನಿಲ್ಲುವುದು ಕೊನೆಯ ಕ್ಷಣದಲ್ಲಿ: ಸಮಬಲಕ್ಕಾಗಿ ಕಾರ್ಕ್‌ನ ರಾಬಿ ಓಫ್ಲಿನ್ ಬಾರಿಸುವಾಗ ಅವರ ಅಂಗಿಯನ್ನು ಎದುರಾಳಿ ಎಳೆದಿದ್ದು ಮರುಪ್ರಸಾರದಲ್ಲಿ ಕಂಡಿತು, ಚೆಂಡು ಹೊರಗೆ ಹೋಯಿತು, ರೆಫ್ರಿ ಫ್ರೀ (ಫೌಲ್‌ಗೆ ಸಿಗುವ ಉಚಿತ ಹೊಡೆತ) ಕೊಡಲಿಲ್ಲ. ಅದು ಸಿಕ್ಕಿದ್ದರೆ ಮರುಪಂದ್ಯಕ್ಕೆ ಅವಕಾಶವಿರುತ್ತಿತ್ತೇ ಎಂಬ ಚರ್ಚೆ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.