ಎಚ್-4 ವೀಸಾದಲ್ಲಿದ್ದೇನೆ. ಕಮ್ಯುನಿಟಿ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್, ಅನಿಮೇಷನ್ ಓದಿದರೆ ಪ್ರಯೋಜನ ಇದೆಯಾ?

ನಿಮ್ಮ ಪ್ರಶ್ನೆ ಓದಿದೆ. ಸ್ಯಾನ್ ಹೊಸೆ ಕಡೆ ಬಂದು ಒಂದೂವರೆ ವರ್ಷ ಆಗಿದೆ. ಯಜಮಾನರದ್ದು ಕೆಲಸದ ವೀಸಾ ಎಚ್-1ಬಿ, ನಿಮ್ಮದು ಅವರ ಜೊತೆ ಬಂದವರಿಗೆ ಕೊಡುವ ಎಚ್-4. ಊರಲ್ಲಿ ಬಿ.ಕಾಂ. ಆಗಿದೆ. ಚಿತ್ರ ಬಿಡಿಸೋದು ಅಷ್ಟಕ್ಕಷ್ಟೇ. ಯೂಟ್ಯೂಬಲ್ಲಿ ಎಲ್ಲಾ ಬಿಟ್ಟಿ ಸಿಗುವಾಗ ಕಾಲೇಜಿಗೆ ಯಾಕೆ ಹೋಗಬೇಕು ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಇಷ್ಟು ತಾನೇ?

ನಾನೂ ಎಚ್-4ರಲ್ಲಿ ಬಂದವಳು. ಇಲ್ಲೇ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಕಮ್ಮಿ ಫೀಸಿನ, ಎರಡು ವರ್ಷದ ಸರ್ಕಾರಿ ಕಾಲೇಜು) ಎರಡನ್ನೂ ಓದಿದೆ, ಈಗ ಮೋಷನ್ ಗ್ರಾಫಿಕ್ಸ್, ಅಂದರೆ ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವ ಕೆಲಸ ಮಾಡುತ್ತೇನೆ. ನನ್ನ ಉತ್ತರ: ಖಂಡಿತ ಹೋಗಿ. ಆದರೆ ಸಾಫ್ಟ್‌ವೇರ್ ಕಲಿಯೋಕೆ ಅಂತ ಹೋಗಬೇಡಿ. ಫೋಟೊಶಾಪ್‌ನ ಯಾವ ಬಟನ್ ಎಲ್ಲಿದೆ ಅನ್ನೋದಕ್ಕೆ ಯೂಟ್ಯೂಬ್ ಸಾಕು, ಮನೆಯವರು ಹೇಳೋದು ಅಷ್ಟರಮಟ್ಟಿಗೆ ಸರಿ. ನೀವು ಮಾಡಿದ್ದನ್ನು ಗೋಡೆಗೆ ಅಂಟಿಸಿ, ಇಪ್ಪತ್ತು ಜನರ ಮುಂದೆ ನಿಲ್ಲಿಸಿ, ಇದು ಯಾಕೆ ಹೀಗಿದೆ ಅಂತ ಕೇಳುವವರು ಮಾತ್ರ ಮನೆಯಲ್ಲಿ ಸಿಗುವುದಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಫೀಸು ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್; ಯೂನಿಟ್ ಅಂದರೆ ಒಂದು ಕ್ಲಾಸ್ ಎಷ್ಟು ದೊಡ್ಡದು ಅನ್ನುವ ಲೆಕ್ಕ. ಕುಪರ್ಟಿನೊದ ಡಿ ಆನ್ಜಾ, ಅದರ ಜೋಡಿ ಕಾಲೇಜು ಫುಟ್‌ಹಿಲ್, ಇವೆರಡರಲ್ಲಿ ಸೆಮಿಸ್ಟರ್ ಬದಲು ಅದಕ್ಕಿಂತ ಚಿಕ್ಕ ಅವಧಿಯ ಕ್ವಾರ್ಟರ್ ಇದೆ. ಅಲ್ಲಿ ಯೂನಿಟ್‌ಗೆ 31 ಡಾಲರ್. ಅಂದರೆ ನಾಲ್ಕು ಯೂನಿಟ್‌ನ ಒಂದು ಕ್ಲಾಸಿಗೆ 124 ಡಾಲರ್, ಅದರ ಮೇಲೆ ಚಿಲ್ಲರೆ ಶುಲ್ಕಗಳು. ಹೊರಗಿನವರಿಗೆ ಇದರ ಹಲವು ಪಟ್ಟು. ನಿಮಗೆ ಅನುಕೂಲ ಏನೆಂದರೆ, ಎಚ್-4ನವರು ಇಲ್ಲಿ ನಿವಾಸಿ ಅನ್ನಿಸಿಕೊಳ್ಳಬಹುದು. ಕ್ಲಾಸ್ ಶುರುವಾಗುವ ಮುಂಚೆ ಒಂದು ವರ್ಷ ಒಂದು ದಿನ ಕ್ಯಾಲಿಫೋರ್ನಿಯಾದಲ್ಲಿ ಇದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶ ಇದೆ ಅಂತ ತೋರಿಸಬೇಕು. ಮನೆಯ ಲೀಸು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ರಿಟರ್ನ್, ಇಂಥ ಕಾಗದ ಕೇಳುತ್ತಾರೆ. ಲೀಸಿನಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಈಗಲೇ ಸೇರಿಸಿಕೊಳ್ಳಿ. ನಮ್ಮ ಹೆಣ್ಣುಮಕ್ಕಳ ಹೆಸರಲ್ಲಿ ಒಂದು ಕರೆಂಟ್ ಬಿಲ್ಲೂ ಇರುವುದಿಲ್ಲ, ಕಾಗದ ಕೇಳಿದಾಗ ಒದ್ದಾಟ.

ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಯಿಸಿಕೊಂಡರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಓದು ಮುಗಿದ ಮೇಲೆ ಕೆಲಸದ ತರಬೇತಿಗೆ ಸ್ವಲ್ಪ ಕಾಲ ಅವಕಾಶ ಸಿಗಬಹುದು ನಿಜ. ಆದರೆ ನಿವಾಸಿ ಫೀಸು ಕೈಬಿಟ್ಟುಹೋಗುತ್ತದೆ, ಪೂರ್ಣಾವಧಿ ವಿದ್ಯಾರ್ಥಿಗೆ ಬೇಕಾದಷ್ಟು ಕ್ಲಾಸ್ ತೆಗೆದುಕೊಳ್ಳಲೇಬೇಕಾಗುತ್ತದೆ. ಎಚ್-4ರಲ್ಲಿ ಒಂದು ಕ್ಲಾಸ್ ಬೇಕಾದರೂ ತೆಗೆದುಕೊಳ್ಳಿ, ನಾಲ್ಕು ಬೇಕಾದರೂ ತೆಗೆದುಕೊಳ್ಳಿ, ಕೇಳುವವರಿಲ್ಲ.

ಕೆಲಸದ ವಿಷಯದಲ್ಲಿ ಮಾತ್ರ ಹುಷಾರು. 2015ರಿಂದ ಎಚ್-4ನವರಲ್ಲಿ ಕೆಲವರಿಗೆ ವರ್ಕ್ ಪರ್ಮಿಟ್ ಸಿಗುತ್ತಿದೆ. ಸಾಮಾನ್ಯವಾಗಿ ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿರಬೇಕು. ಅದು ಬರುವ ತನಕ ಸಂಬಳದ ಕೆಲಸ ಇಲ್ಲ, ಸಂಬಳ ಕೊಡುವ ಇಂಟರ್ನ್‌ಶಿಪ್ ಇಲ್ಲ, ಕಾಲೇಜಿನ ಲ್ಯಾಬಿನಲ್ಲಿ ಗಂಟೆ ಲೆಕ್ಕದ ಕೆಲಸವೂ ಇಲ್ಲ. ‘ಒಂದು ಲೋಗೊ ಮಾಡಿಕೊಡಿ, ನೂರು ಡಾಲರ್ ಕೊಡ್ತೀನಿ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದೂ ಕೆಲಸವೇ. ಊರಿನ ಗಿರಾಕಿಗೆ ಇಲ್ಲಿ ಕೂತು ಮಾಡಿಕೊಡೋದು ನಡೆಯುತ್ತಾ ಅಂತ ವಕೀಲರನ್ನು ಕೇಳಿ, ವಾಟ್ಸ್ಆ್ಯಪ್ ಗುಂಪನ್ನು ಕೇಳಬೇಡಿ.

ಇನ್ನು ಓದು. ಬಿ.ಕಾಂ. ಇರುವುದರಿಂದ ಮತ್ತೆ ಇಂಗ್ಲಿಷು, ಗಣಿತ, ಚರಿತ್ರೆ ಎಲ್ಲ ಸೇರಿದ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ನಿಮಗೆ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬರೀ ಡಿಸೈನ್ ಕ್ಲಾಸುಗಳಿರುವ ಸರ್ಟಿಫಿಕೇಟ್ ಸಾಕು. ಈ ಕ್ಷೇತ್ರದಲ್ಲಿ ಡಿಗ್ರಿ ನೋಡುವವರಿಗಿಂತ ನೀವು ಮಾಡಿದ ಕೆಲಸಗಳ ಸಂಗ್ರಹ, ಅಂದರೆ ಪೋರ್ಟ್‌ಫೋಲಿಯೊ ನೋಡುವವರೇ ಜಾಸ್ತಿ. ಮುಂದೆ ಸ್ಯಾನ್ ಹೊಸೆ ಸ್ಟೇಟ್‌ನಂಥ ಕಡೆ ಹೋಗುವ ಆಸೆ ಇದ್ದರೆ ಮಾತ್ರ ಲೆಕ್ಕ ಬೇರೆ. ಆಗ ಯಾವ ಕ್ಲಾಸಿಗೆ ಅಲ್ಲಿ ಮನ್ನಣೆ ಇದೆ ಅಂತ ‘ಅಸಿಸ್ಟ್’ ವೆಬ್‌ಸೈಟಿನಲ್ಲಿ ಮೊದಲೇ ನೋಡಿಕೊಂಡು, ಕೌನ್ಸೆಲರ್ ಹತ್ತಿರ ಕೂತು ಪಟ್ಟಿ ಮಾಡಿಸಿಕೊಳ್ಳಿ.

ಚಿತ್ರ ಬರುವುದಿಲ್ಲ ಅಂದಿರಿ. ಅದಕ್ಕೇ ಮೊದಲ ಕ್ಲಾಸ್ ಡ್ರಾಯಿಂಗ್ ಇರಲಿ ಅನ್ನುತ್ತೇನೆ. ಅದಾದ ಮೇಲೆ ಫಿಗರ್ ಡ್ರಾಯಿಂಗ್. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಫಿಗರ್ ಡ್ರಾಯಿಂಗ್ ಕ್ಲಾಸಿನಲ್ಲಿ ಮಾಡೆಲ್ ಮೈಮೇಲೆ ಬಟ್ಟೆ ಇರುವುದಿಲ್ಲ. ಹಾಸನದ ಹುಡುಗಿ ನಾನು, ಮೊದಲ ಹತ್ತು ನಿಮಿಷ ಇದ್ದಿಲು ಕಡ್ಡಿಯನ್ನೇ ನೋಡಿಕೊಂಡು ಕೂತಿದ್ದೆ. ಆಮೇಲೆ ನಾಚಿಕೆಗೆ ಪುರುಸೊತ್ತೇ ಇರಲಿಲ್ಲ. ಮಾಡೆಲ್ ಒಂದು ಭಂಗಿಯಲ್ಲಿ ನಿಲ್ಲೋದು ಮೂವತ್ತು ಸೆಕೆಂಡು. ಗಂಟೆ ಹೊಡೆದರೆ ಭಂಗಿ ಬದಲು. ಅಷ್ಟರಲ್ಲಿ ಮೂಗು, ಕಣ್ಣು ಬರೆಯೋಕೆ ಆಗುವುದಿಲ್ಲ. ಮೈ ಭಾರ ಯಾವ ಕಾಲಿನ ಮೇಲಿದೆ, ಸೊಂಟ ಯಾವ ಕಡೆ ಎದ್ದಿದೆ, ಭುಜ ಯಾವ ಕಡೆ ಇಳಿದಿದೆ, ಇಷ್ಟು ಮಾತ್ರ ಕಾಗದಕ್ಕೆ ಇಳಿಯಬೇಕು. ಕಾಗದವೂ ನ್ಯೂಸ್‌ಪ್ರಿಂಟ್, ಅಗ್ಗದ್ದು, ಹರಿದು ಬಿಸಾಡೋಕೇ ಇರುವಂಥದ್ದು. ಮುಂದೆ ಅನಿಮೇಷನ್‌ನಲ್ಲಿ ನಡಿಗೆ ಮಾಡುವಾಗ ಬೇಕಾಗುವುದು ಇದೇ. ಆ ಕೋಣೆಯಲ್ಲಿ ಮೊಬೈಲ್ ಹೊರಗೆ ತೆಗೆಯುವ ಹಾಗಿಲ್ಲ, ಮಾಡೆಲ್ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ನೀವು ಅಂದುಕೊಂಡದ್ದಕ್ಕಿಂತ ಗಂಭೀರವಾದ ಜಾಗ ಅದು. ಅತ್ತೆಗೆ ಹೇಳಬೇಕಾ ಬೇಡವಾ ಅನ್ನೋದು ನಿಮಗೆ ಬಿಟ್ಟಿದ್ದು!

ಗ್ರಾಫಿಕ್ ಡಿಸೈನ್ ಕಡೆ ಟೈಪೋಗ್ರಫಿ ಕ್ಲಾಸನ್ನು ತಪ್ಪಿಸಬೇಡಿ. ಅಕ್ಷರ ಜೋಡಿಸೋದರಲ್ಲಿ ಏನಿದೆ ಅನಿಸುತ್ತದೆ. ಅಲ್ಲೇ ಎಲ್ಲಾ ಇರೋದು. ಒಂದು ಪೋಸ್ಟರ್ ಅಸೈನ್‌ಮೆಂಟಿಗೆ ನಾನು ಕನ್ನಡ ರಾಜ್ಯೋತ್ಸವದ ವಿಷಯ ತೆಗೆದುಕೊಂಡಿದ್ದೆ. ಕ್ರಿಟಿಕ್ ದಿನ ಎಲ್ಲರದ್ದೂ ಗೋಡೆಯ ಮೇಲೆ. ನಮ್ಮ ಪ್ರೊಫೆಸರ್‌ಗೆ ಕನ್ನಡದ ಒಂದಕ್ಷರವೂ ಗೊತ್ತಿಲ್ಲ. ಆದರೂ ಸೀದಾ ಬಂದು ‘ರಾಜ್ಯೋತ್ಸವ’ದ ಕೆಳಗೆ ಬೆರಳಿಟ್ಟರು. ತ್ಸದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡಿತ್ತು. ನಾನು ನೂರು ಸಲ ಓದಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಓದುವವಳಿಗೆ ಶಬ್ದ ಕಾಣುತ್ತದೆ, ಓದಲು ಬಾರದವರಿಗೆ ಆಕಾರ ಮಾತ್ರ ಕಾಣುತ್ತದೆ. ಅಡೋಬಿ ಸಾಫ್ಟ್‌ವೇರ್‌ಗಳು ತಾವಾಗಿಯೇ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರದ 120 ಶೇಕಡ. ಇಂಗ್ಲಿಷಿಗೆ ಅದು ನಡೆಯುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತು ಇರುವ ನಮ್ಮ ಲಿಪಿಗೆ ಎಷ್ಟೋ ಫಾಂಟುಗಳಲ್ಲಿ ಅದು ಸಾಲುವುದಿಲ್ಲ, ಕೈಯಾರೆ ಜಾಸ್ತಿ ಮಾಡಬೇಕು.

ಕನ್ನಡದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಇನ್ನೊಂದು ಕಿವಿಮಾತು. ಪುಟ ಜೋಡಿಸುವ ಅಡೋಬಿ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿ ಬಿದ್ದರೆ ಫಾಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿಕೊಳ್ಳಿ, ಕೂಡಿಕೊಳ್ಳುತ್ತದೆ. ಫೋಟೊಶಾಪ್, ಇಲಸ್ಟ್ರೇಟರ್‌ನಲ್ಲೂ ಇಂಥದ್ದೇ ಆಯ್ಕೆ ಇದೆ. ಫಾಂಟ್ ಬೇಕಾದರೆ ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ, ಟೀರೊ ಕನ್ನಡ ಎಲ್ಲ ಬಿಟ್ಟಿ ಸಿಗುತ್ತವೆ. ಇದನ್ನು ಇಲ್ಲಿನ ಯಾವ ಪಾಠದಲ್ಲೂ ನನಗೆ ಹೇಳಿಕೊಡಲಿಲ್ಲ, ಅದಕ್ಕೇ ಬರೆದೆ.

ಅನಿಮೇಷನ್ ಅಂದ ತಕ್ಷಣ ಮಾಯಾ, ಬ್ಲೆಂಡರ್‌ನಂಥ ಸಾಫ್ಟ್‌ವೇರ್, ಮೂರು ಆಯಾಮದ ರಾಕ್ಷಸರು ಅಂತ ಎಲ್ಲರೂ ಕನಸು ಕಾಣುತ್ತಾರೆ. ಕ್ಲಾಸಿನಲ್ಲಿ ಶುರುವಾಗೋದು ಒಂದು ಚೆಂಡಿನಿಂದ. ಪುಟಿಯುವ ಚೆಂಡು, ಅಷ್ಟೇ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು, ಹತ್ತು ಸೆಕೆಂಡಿಗೆ 120. ಚೆಂಡು ಮೇಲೆ ತಲುಪಿದಾಗ ನಿಧಾನ, ಹಾಗಾಗಿ ಅಲ್ಲಿ ಚಿತ್ರಗಳು ಒತ್ತೊತ್ತಾಗಿ ಇರಬೇಕು. ನೆಲದ ಹತ್ತಿರ ವೇಗ, ಅಲ್ಲಿ ದೂರದೂರ. ನೆಲಕ್ಕೆ ಬಡಿದ ಒಂದು ಚಿತ್ರದಲ್ಲಿ ಚಪ್ಪಟೆಯಾಗಬೇಕು, ಆದರೆ ಎಷ್ಟು ಚಪ್ಪಟೆಯೋ ಅಷ್ಟು ಅಗಲ ಆಗಬೇಕು, ಇಲ್ಲದಿದ್ದರೆ ಗಾಳಿ ಹೋದ ಚೆಂಡಿನ ಹಾಗೆ ಕಾಣುತ್ತದೆ. ಆಮೇಲೆ ಅದೇ ಚೆಂಡನ್ನು ಕಬ್ಬಿಣದ ಗುಂಡಾಗಿ ಮಾಡಿ, ಪಿಂಗ್‌ಪಾಂಗ್ ಚೆಂಡಾಗಿ ಮಾಡಿ ಅನ್ನುತ್ತಾರೆ. ಚಿತ್ರ ಅದೇ ದುಂಡು, ಬದಲಾಗೋದು ಅಂತರ ಮಾತ್ರ. ಈ ಅಭ್ಯಾಸ ನಿಮಗೆ ಖುಷಿ ಕೊಟ್ಟರೆ ಅನಿಮೇಷನ್ ನಿಮ್ಮದು. ಎರಡನೇ ವಾರಕ್ಕೇ ಬೇಜಾರು ಅನಿಸಿದರೆ ಗ್ರಾಫಿಕ್ ಡಿಸೈನ್ ಕಡೆ ಹೋಗಿ, ಅದರಲ್ಲಿ ಏನೂ ಅವಮಾನ ಇಲ್ಲ.

ಕೆಲಸ ಸಿಗುತ್ತಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸಿನಿಮಾ ಅನಿಮೇಷನ್‌ಗೆ ಈಗ ಕಾಲ ಚೆನ್ನಾಗಿಲ್ಲ. ಈ ಬೇ ಏರಿಯಾದಲ್ಲೇ ರೆಡ್‌ವುಡ್ ಸಿಟಿಯ ಡ್ರೀಮ್‌ವರ್ಕ್ಸ್ ಸ್ಟುಡಿಯೊ 2015ರಲ್ಲಿ ಮುಚ್ಚಿತು. ಎಮರಿವಿಲ್‌ನ ಪಿಕ್ಸಾರ್ 2024ರಲ್ಲಿ ನೂರಕ್ಕೆ ಹದಿನಾಲ್ಕು ಮಂದಿಯನ್ನು ತೆಗೆಯಿತು. ಊರಿಗೆ ವಾಪಸ್ ಹೋದರೆ ಬೆಂಗಳೂರು ಇದೆಯಲ್ಲ ಅಂದುಕೊಂಡರೆ, 2025ರ ಫೆಬ್ರವರಿಯಲ್ಲಿ ಸಿನಿಮಾಗಳಿಗೆ ವಿಶುವಲ್ ಎಫೆಕ್ಟ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಕಂಪನಿ ಕುಸಿದಾಗ ಅಲ್ಲಿನ ಸ್ಟುಡಿಯೊ ಕೂಡ ಬಾಗಿಲು ಹಾಕಿತು. ಮೇಲೆ ಎಐ ಬೇರೆ. ಸಣ್ಣಪುಟ್ಟ ಬ್ಯಾನರ್, ಐಕಾನ್ ಕೆಲಸಕ್ಕೆ ಈಗ ಜನ ಡಿಸೈನರ್ ಹತ್ತಿರ ಬರೋದು ಕಮ್ಮಿ ಆಗಿದೆ.

ನಾನು ನೋಡಿದ ಮಟ್ಟಿಗೆ ಕೆಲಸ ಸಿಗುತ್ತಿರುವುದು ಎರಡೂ ಸ್ವಲ್ಪ ಸ್ವಲ್ಪ ಬಲ್ಲವರಿಗೆ. ಕಂಪನಿಯ ತರಬೇತಿ ವಿಡಿಯೊ, ಆ್ಯಪ್ ಒಳಗಿನ ಚಲನೆ, ಆಸ್ಪತ್ರೆಯವರು ರೋಗಿಗಳಿಗೆ ತೋರಿಸುವ ವಿವರಣೆ, ಇಂಥ ಕಡೆ ಅಕ್ಷರ ಜೋಡಿಸುವ ಕಣ್ಣೂ ಬೇಕು, ಅದನ್ನು ಕುಣಿಸುವ ಕೈಯೂ ಬೇಕು. ಆಫ್ಟರ್ ಎಫೆಕ್ಟ್ಸ್ (ಚಲನೆ ಕೊಡುವ ಸಾಫ್ಟ್‌ವೇರ್) ಬಲ್ಲ ಗ್ರಾಫಿಕ್ ಡಿಸೈನರ್ ಅಂದರೆ ಅದು. ನಿಮ್ಮ ಬಿ.ಕಾಂ. ಕೂಡ ದಂಡ ಅಲ್ಲ. ಬ್ಯಾಲೆನ್ಸ್ ಶೀಟ್ ಓದಲು ಬರುವ ಡಿಸೈನರ್‌ಗಳು ಬಹಳ ಕಮ್ಮಿ, ಹಣಕಾಸು ಕಂಪನಿಗಳ ವರದಿ, ಚಾರ್ಟು ಮಾಡುವ ಕಡೆ ಅದು ಉಪಯೋಗಕ್ಕೆ ಬರುತ್ತದೆ. ಪೋರ್ಟ್‌ಫೋಲಿಯೊದಲ್ಲಿ ಅಂಥದ್ದೊಂದು ಪ್ರಾಜೆಕ್ಟ್ ಖಂಡಿತ ಇಡಿ.

ವಯಸ್ಸಿನ ಚಿಂತೆ ಬೇಡ. ನನ್ನ ಕ್ಲಾಸಿನಲ್ಲಿ ಹೈಸ್ಕೂಲ್ ಮುಗಿಸಿ ಬಂದ ಹುಡುಗರ ಪಕ್ಕದಲ್ಲೇ ರಿಟೈರ್ ಆದ ಅಜ್ಜ ಕೂರುತ್ತಿದ್ದರು. ಎಲ್ಲರಿಗಿಂತ ಮೊದಲು ಅಸೈನ್‌ಮೆಂಟ್ ಮುಗಿಸುತ್ತಿದ್ದುದೂ ಅವರೇ. ಸಮಯದ ಚಿಂತೆ ಮಾತ್ರ ಮಾಡಿ. ಸ್ಟುಡಿಯೊ ಕ್ಲಾಸುಗಳಲ್ಲಿ ಯೂನಿಟ್ ಕಮ್ಮಿ, ಗಂಟೆ ಜಾಸ್ತಿ, ಹೋಮ್‌ವರ್ಕ್ ಬೇರೆ. ಮಗು ಚಿಕ್ಕದಿದ್ದರೆ ಮೊದಲ ಸಲಕ್ಕೆ ಎರಡು ಕ್ಲಾಸ್ ಸಾಕು: ಒಂದು ಡ್ರಾಯಿಂಗ್, ಒಂದು ಡಿಸೈನ್ ಬೇಸಿಕ್ಸ್. ಐಪ್ಯಾಡ್, ದೊಡ್ಡ ಲ್ಯಾಪ್‌ಟಾಪ್ ಅಂತ ಈಗಲೇ ಖರ್ಚು ಮಾಡಬೇಡಿ. ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಇರುತ್ತವೆ, ಬ್ಲೆಂಡರ್ ಎಲ್ಲರಿಗೂ ಬಿಟ್ಟಿ, ಮಾಯಾ ವಿದ್ಯಾರ್ಥಿಗಳಿಗೆ ಬಿಟ್ಟಿ.

ಸೀಟು ಬೇಗ ತುಂಬಿಹೋಗುತ್ತವೆ, ಅದರಲ್ಲೂ ಸಂಜೆಯ ಕ್ಲಾಸುಗಳು. ವೇಟ್‌ಲಿಸ್ಟ್‌ನಲ್ಲಿ ಹೆಸರಿದ್ದರೆ ಸುಮ್ನೆ ಮನೆಯಲ್ಲಿ ಕೂರಬೇಡಿ, ಮೊದಲ ದಿನ ಹೋಗಿ ಕ್ಲಾಸಿನಲ್ಲಿ ಕೂತುಬಿಡಿ. ಹೆಸರು ಕೊಟ್ಟು ಬಾರದವರು ಪ್ರತಿ ಸಲ ಕೆಲವರು ಇರುತ್ತಾರೆ, ಹಾಜರಿದ್ದವರನ್ನೇ ಪ್ರೊಫೆಸರ್ ಸೇರಿಸಿಕೊಳ್ಳುವುದು. ಒಗ್ಗಲಿಲ್ಲ ಅನಿಸಿದರೆ ಕಾಲೇಜಿನವರು ಹೇಳುವ ಗಡುವಿನೊಳಗೆ ಬಿಟ್ಟುಬಿಡಿ, ಫೀಸು ವಾಪಸ್ ಬರುತ್ತದೆ. ನಿವಾಸಿ ಕಾಗದಗಳ ಬಗ್ಗೆ ಏನಾದರೂ ಗೊಂದಲ ಇದ್ದರೆ ಕೆಳಗೆ ಕೇಳಿ, ನನಗೆ ಗೊತ್ತಿರೋದನ್ನು ಹೇಳುತ್ತೇನೆ.